ಸಾಹೇಬರಿಗೆ ಶಾಯಿ

ಚೀಟಿ ಎತ್ತಿದಾಗ ಕುಕ್ಕರ್ ಬರಬೇಕಾಗಿತ್ತು, ಪೆನ್ನು ಬಂತು. ಪುಣೆಯ ಕಾತ್ರಜದ ಹೊಳಬಸಪ್ಪನ ಈ ವರ್ಷದ ಸಿಟ್ಟಿನ ಚರಿತ್ರೆಯನ್ನು ಇಲ್ಲಿಂದ ಆರಂಭಿಸಬೇಕು. ಹಿಂದಿನ ವರ್ಷಗಳ ಸಿಟ್ಟುಗಳೂ ಇವೆ, ಆದರೆ ಅವನ್ನೆಲ್ಲ ಹೇಳುತ್ತ ಕುಳಿತರೆ ಓದುವವರಿಗೂ ಸಿಟ್ಟು ಬಂದೀತು.

ಹೊಳಬಸಪ್ಪ ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಸ್ಟೋರ್ ಕ್ಲಾರ್ಕು. ಸುರಕ್ಷತಾ ಸಪ್ತಾಹದ ಕೊನೆಯ ದಿನ ನೌಕರರಿಗೆಲ್ಲ ಬಹುಮಾನದ ಚೀಟಿ ಎತ್ತಿದರು. ಅವನ ಹಿಂದೆ ನಿಂತವನಿಗೆ ಕುಕ್ಕರ್, ಮುಂದೆ ನಿಂತವನಿಗೆ ಇಸ್ತ್ರಿಪೆಟ್ಟಿಗೆ, ಇವನಿಗೆ ಮಖಮಲ್ಲಿನ ಡಬ್ಬಿಯಲ್ಲಿ ಒಂದು ಫೌಂಟನ್ ಪೆನ್ನು, ಜೊತೆಗೊಂದು ಬಾಟಲಿ ನೀಲಿ ಶಾಯಿ. "ಇದರಾಗ ಅನ್ನ ಬೇಯ್ತದೇನ್ರಿ?" ಎಂದು ವೇದಿಕೆಯ ಮೇಲೆಯೇ ಕೇಳಿಬಿಟ್ಟ. ಜನರಲ್ ಮ್ಯಾನೇಜರಿಗೆ ಕನ್ನಡ ಬಾರದು. ಅವರು ಇದನ್ನು ಕೃತಜ್ಞತೆ ಎಂದು ತಿಳಿದು, ತಮ್ಮ ಜೇಬಿನ ಪೆನ್ನನ್ನು ಎತ್ತಿ ತೋರಿಸಿ, ನಾನೂ ಇದರಲ್ಲೇ ಬರೆಯೋದು, ಈ ಕಾರ್ಖಾನೆಯಲ್ಲಿ ಇನ್ನು ಮೇಲೆ ನಾವಿಬ್ಬರೇ ಎಂದು ಹಿಂದಿಯಲ್ಲಿ ಹೇಳಿ ಬೆನ್ನು ತಟ್ಟಿದರು.

ಆ 'ನಾವಿಬ್ಬರೇ' ಹೊಳಬಸಪ್ಪನ ತಲೆಗೇರಿತು. ಒಂದೇ ವಾರದಲ್ಲಿ ಪುಣೆಯ ಪೆನ್ನುಪ್ರಿಯರ ವಾಟ್ಸ್ಯಾಪ್ ಗ್ರೂಪು ಸೇರಿದ. ನಿಬ್ಬು ಎಂದರೇನು, ಅದನ್ನು ಎಷ್ಟು ಓರೆ ಹಿಡಿಯಬೇಕು, ಯಾವ ಕಾಗದದ ಮೇಲೆ ಶಾಯಿ ಹರಡುತ್ತದೆ, ಯಾವುದರ ಮೇಲೆ ಹರಡುವುದಿಲ್ಲ ಎಂಬುದನ್ನೆಲ್ಲ ಕಲಿತು, ಕಲಿಯದವರ ಮೇಲೆ ರೇಗಲು ಆರಂಭಿಸಿದ. ಸ್ಟೋರಿನಲ್ಲಿ ಯಾರಾದರೂ ಬಾಲ್‌ಪೆನ್ನಿನಲ್ಲಿ ಸಹಿ ಮಾಡಿದರೆ, "ಇದು ಸಹಿ ಅಲ್ರಿ, ಗೀರು" ಎನ್ನುತ್ತಿದ್ದ. ಎರಡು ತಿಂಗಳಲ್ಲಿ ಅವನ ಬಲಗೈಯ ಮೂರು ಬೆರಳು ಕಾಯಂ ನೀಲಿಯಾದವು, ಮೂರು ಅಂಗಿಗಳ ಜೇಬು ಹಾಳಾದವು, ಒಮ್ಮೆ ಪೆನ್ನಿನ ಬಾಯಿ ಊದಿ ನೋಡಲು ಹೋಗಿ ತುಟಿಯೂ ನೀಲಿಯಾಯಿತು. ಹವ್ಯಾಸದಿಂದ ಮನಸ್ಸು ತಂಪಾಗುತ್ತದೆ ಎಂದು ಗ್ರೂಪಿನವರು ದಿನಾ ಬೆಳಿಗ್ಗೆ ಬರೆಯುತ್ತಿದ್ದರು. ಆ ಗ್ರೂಪಿನವರ ಮನೆಗಳಲ್ಲಿ ನೀರು ಬರುತ್ತಿತ್ತು.

ಹೊಳಬಸಪ್ಪನ ಮನೆಯಲ್ಲಿ ಬರುತ್ತಿರಲಿಲ್ಲ. ಅವನಿದ್ದ ಅಪಾರ್ಟ್‌ಮೆಂಟಿಗೆ ಕಟ್ಟಿದವನು 'ಜಲತರಂಗ' ಎಂದು ಹೆಸರಿಟ್ಟು ಹೋಗಿದ್ದ. ಅಷ್ಟು ಬಿಟ್ಟರೆ ಅಲ್ಲಿ ಜಲವೆಂಬುದು ಇರಲಿಲ್ಲ. ನಳದ ನೀರು ನಿಂತು ನಾಲ್ಕು ತಿಂಗಳು. ಎಲ್ಲಿಯೋ ಯಾರೋ ಯಾವುದೋ ವಾಲ್ವನ್ನು ಅರ್ಧ ತಿರುಗಿಸಿದ್ದರು, ಮತ್ತೆ ತಿರುಗಿಸಲು ಮೇಲಿನವರ ಹುಕುಂ ಬೇಕಿತ್ತು. ಬೋರಿನ ಉಪ್ಪುನೀರು ದಿನಕ್ಕೆ ಅರ್ಧ ತಾಸು. ಕುಡಿಯುವ ನೀರನ್ನು ಹೆಂಗಸರು ಎರಡು ಗಲ್ಲಿ ದಾಟಿ ಹೊತ್ತು ತರಬೇಕು. ಹೊಳಬಸಪ್ಪನ ಹೆಂಡತಿ ರುದ್ರವ್ವ ದಿನಾ ನಾಲ್ಕು ಕೊಡ ತರುತ್ತಿದ್ದಳು, ಮೊಳಕಾಲು ಹಿಡಿದುಕೊಂಡು ನಾಲ್ಕನೆಯ ಮಹಡಿ ಹತ್ತುತ್ತಿದ್ದಳು. ಲಿಫ್ಟಿನ ಮಾತು ಎತ್ತಬೇಡಿ, ಅದು ಬೇರೆ ಸಿಟ್ಟು.

ಒಂದು ಭಾನುವಾರ ಬೆಳಿಗ್ಗೆ ರುದ್ರವ್ವ ಎರಡನೆಯ ಕೊಡ ಇಳಿಸಿ ಒಳಗೆ ಬಂದರೆ, ಗಂಡ ಮೊದಲನೆಯ ಕೊಡದ ನೀರನ್ನು ತಂಬಿಗೆಯಲ್ಲಿ ಮೊಗೆದು ಸಿಂಕಿನಲ್ಲಿ ಸುರಿಯುತ್ತಿದ್ದ. ಸಿಂಕು ತುಂಬ ನೀಲಿ.

"ಏನ ಮಾಡಾಕತ್ತೀರಿ?"

"ಪೆನ್ ತೊಳ್ಯಾಕತ್ತೀನಿ."

"ಯಾ ನೀರಿಲೆ?"

"ಬೋರಿನ ನೀರ ನಡೆಯೂದಿಲ್ಲ. ಅದರಾಗ ಉಪ್ಪ ಭಾಳ. ನಿಬ್ಬಿನ ಗಂಟಲ ಕಟ್ಟತದ."

"ನನ್ನ ಗಂಟಲ ಕಟ್ಟಿದ್ರ ನಡೀತದ? ಎರಡ ಗಲ್ಲಿ ದಾಟಿ ಟೊಂಕದ ಮ್ಯಾಲ ಹೊತ್ತು ತಂದೀನ್ರಿ! ನಾ ತಲಿಗೆ ನೀರ ಹಾಕ್ಕೊಂಡು ಐದ ದಿನಾತು. ನಿಮ್ಮ ಪೆನ್ನಿಗೆ ದಿನಾ ಜಳಕಾ?"

"ನೀರ ತಿಳಿ ಆಗೂತನಕ ತೊಳೀಬೇಕಂತ ಗ್ರೂಪಿನ್ಯಾಗ ಹೇಳ್ಯಾರ."

"ಹೌದಾ? ಹೇಳಿದವ್ರಿಗೆ ಹೇಳ್ರಿ, ಒಂದ ಕೊಡ ಹೊತ್ಕೊಂಡು ನಾಕ ಮಾಳಿಗಿ ಹತ್ತಿ ಬರ್ಲಿ!"

ಈ ಹೊತ್ತಿಗೆ ಎದುರು ಮನೆಯ ರಂಗೂಬಾಯಿ ಬಾಗಿಲಲ್ಲಿ ಇಣುಕಿದಳು. ಅಕ್ಕಲಕೋಟೆ ಕಡೆಯವಳು, ಕನ್ನಡ ಮರಾಠಿ ಎರಡನ್ನೂ ಒಂದೇ ವೇಗದಲ್ಲಿ ಆಡುವವಳು. ಸಿಂಕು ನೋಡಿದವಳೇ ಮೆಟ್ಟಿಲಿಗೆ ಓಡಿ, "ನೀರ ಬಂತ್ರೇ! ನೀಲಿ ಬಂದದ, ಆದ್ರ ಬಂದದ!" ಎಂದು ಕೂಗಿದಳು. ಎರಡು ನಿಮಿಷದಲ್ಲಿ ಇಡೀ ಜಲತರಂಗ ಕೊಡ, ಬಕೆಟ್ಟು, ಪಾತೇಲಿ ಹಿಡಿದು ನಾಲ್ಕನೆಯ ಮಹಡಿಯಲ್ಲಿತ್ತು. ಕುಡಿಯುವ ನೀರಿನಲ್ಲಿ ಪೆನ್ನು ತೊಳೆದದ್ದು ಎಂದು ತಿಳಿದ ಮೇಲೆ ಅವರು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಮೂರನೆಯ ಮಹಡಿಯ ಮುದುಕರೊಬ್ಬರು ಬಕೆಟ್ಟನ್ನು ಹೊಳಬಸಪ್ಪನ ಕಾಲಬುಡಕ್ಕೆ ಎಸೆದೇ ಹೋದರು.

ಎಲ್ಲರೂ ಇಳಿದು ಹೋದ ಮೇಲೆ ರುದ್ರವ್ವ ಒಂದೇ ಮಾತು ಹೇಳಿದಳು. "ಬರೂ ಸೋಮವಾರ ಅಲ್ಲ, ಅದರ ಮುಂದಿನ ಸೋಮವಾರದೊಳಗ ನಳಕ್ಕ ನೀರ ಬರಬೇಕು. ಇಲ್ಲಾಂದ್ರ ಆ ಪೆನ್ ಕಿಡಕ್ಯಾಗಿಂದ ಕೆಳಗ ಬೀಳ್ತದ. ಅದರ ಹಿಂದ ನೀವೂ ಬಿದ್ರ ನಾ ತಡಿಯಂಗಿಲ್ಲ."

ಅರ್ಜಿ ಕೊಡದೆ ಇರಲಿಲ್ಲ. ಸೊಸೈಟಿಯ ವತಿಯಿಂದ ಈಗಾಗಲೇ ನಾಲ್ಕು ಅರ್ಜಿ ಹೋಗಿದ್ದವು. ನೀರಿನ ಕಚೇರಿಯ ಎಂಜಿನಿಯರ್ ಜುನ್ನರಕರ ಸಾಹೇಬರು ನಾಲ್ಕರ ಮೇಲೂ ಬಾಲ್‌ಪೆನ್ನಿನಲ್ಲಿ ಸಣ್ಣದೊಂದು ಹುಳ ಬಿಡಿಸಿ ಕಳಿಸಿದ್ದರು. ಹೊಳಬಸಪ್ಪನಿಗೆ ಈಗ ಕಾರಣ ಹೊಳೆಯಿತು. ಬಾಲ್‌ಪೆನ್ನಿನ ಸಹಿಗೆ ತೂಕವಿಲ್ಲ! ಅರ್ಜಿಯನ್ನು ಶಾಯಿಯಲ್ಲಿ ಬರೆಯಬೇಕು, ಸಾಹೇಬರು ಅದೇ ಶಾಯಿಯಲ್ಲಿ ಸಹಿ ಮಾಡಬೇಕು. ಅಂಥ ಸಹಿಯನ್ನು ಯಾವ ವಾಲ್ವಿನವನೂ ಮೀರಲಾರ. ಈ ತತ್ತ್ವವನ್ನು ಅವನು ಎಲ್ಲಿಂದ ತಂದನೋ ತಿಳಿಯದು. ಆದರೆ ದಪ್ಪ ಕಾಗದ ತಂದು, ಏಳು ಸಲ ಹರಿದು ಬಿಸಾಕಿ, ಎಂಟನೆಯ ಸಲ ಮರಾಠಿಯಲ್ಲಿ ಎರಡು ಪುಟದ ಅರ್ಜಿ ಬರೆದು ಮುಗಿಸಿದ. ನೋಡಿದವರು ಮದುವೆಯ ಕರೆಯೋಲೆ ಎಂದುಕೊಳ್ಳಬೇಕು, ಅಷ್ಟು ಚೆಂದ ಬರೆದಿದ್ದ.

ಸಾಹೇಬರು ಜನರ ದೂರು ಕೇಳುವುದು ತಿಂಗಳ ಮೊದಲ ಶನಿವಾರ. ಬಸ್ಸಿನ ಕುಲುಕಾಟಕ್ಕೆ ತುಂಬಿದ ಪೆನ್ನು ಸೋರುತ್ತದೆ ಎಂಬುದನ್ನು ಮೂರು ಅಂಗಿ ಕೊಟ್ಟು ಕಲಿತಿದ್ದ ಹೊಳಬಸಪ್ಪ ಖಾಲಿ ಪೆನ್ನನ್ನು ಜೇಬಿಗೂ ಶಾಯಿಯ ಬಾಟಲಿಯನ್ನು ಊಟದ ಚೀಲಕ್ಕೂ ಹಾಕಿಕೊಂಡ. ಅಲ್ಲಿಗೆ ಹೋದ ಮೇಲೆ ಶಾಯಿ ಹಾಕಿದರಾಯಿತು. ಗಂಡನನ್ನು ಒಬ್ಬನನ್ನೇ ಬಿಟ್ಟರೆ ಗೇಟಿನಲ್ಲೇ ಜಗಳ ತೆಗೆದು ಬರುತ್ತಾನೆಂದು ರುದ್ರವ್ವ ಜೊತೆಗೆ ಹೊರಟಳು. ರುದ್ರವ್ವ ಒಬ್ಬಳೇ ಹೋದರೆ ಜಗಳ ಸಾಲದಾದೀತೆಂದು ರಂಗೂಬಾಯಿಯೂ ಹೊರಟಳು.

ಇಲ್ಲಿ ಓದುಗರು ಎರಡು ಸಂಗತಿ ತಿಳಿಯಬೇಕು. ಆ ವಾರವಷ್ಟೇ ಬೇರೊಂದು ಊರಿನಲ್ಲಿ ಯಾವುದೋ ಪಕ್ಷದವರು ಯಾವುದೋ ಪುಢಾರಿಯ ಮುಖಕ್ಕೆ ಶಾಯಿ ಎರಚಿದ್ದರು. ಟಿವಿಯವರು ಅದನ್ನೇ ಮೂರು ದಿನ ತಿರುಗಾಮುರುಗಾ ತೋರಿಸಿದ್ದರಿಂದ, ಸಾಹೇಬ ಎಂಬ ಹೆಸರಿನವರೆಲ್ಲ ಮುಖ ಮುಟ್ಟಿಕೊಂಡು ಓಡಾಡುತ್ತಿದ್ದರು. ಎರಡನೆಯದು, ನಮ್ಮವರು ಪೆನ್ನಿಗೆ ಶಾಯಿ 'ಹಾಕುತ್ತಾರೆ'. ಮರಾಠಿಯವರು 'ಭರತಾತ', ಅಂದರೆ ತುಂಬುತ್ತಾರೆ. ಇಪ್ಪತ್ತಾರು ವರ್ಷ ಪುಣೆಯಲ್ಲಿದ್ದರೂ ಹೊಳಬಸಪ್ಪ ಕನ್ನಡದ ಹೆಚ್ಚುಕಡಿಮೆ ಪ್ರತಿಯೊಂದು 'ಹಾಕು'ವಿಗೂ, ಎಸೆಯುವುದಕ್ಕೂ ಬಳಸುವ ಮರಾಠಿಯ 'ಟಾಕ'ವನ್ನೇ ಹಚ್ಚುತ್ತಿದ್ದ. ಶಾಯಿ ಟಾಕುವುದೆಂದರೆ ಆ ವಾರದ ಮರಾಠಿಯಲ್ಲಿ ಒಂದೇ ಅರ್ಥ.

ಗೇಟಿನ ಹವಾಲ್ದಾರ ಚೀಲ ತೆರೆದ. ಬಾಟಲಿ ಎತ್ತಿ ಹಿಡಿದು ಇದೇನೆಂದು ಕೇಳಿದ.

"ಶಾಯಿ ಆಹೆ," ಎಂದ ಹೊಳಬಸಪ್ಪ ಹೆಮ್ಮೆಯಿಂದ. "ಸಾಹೇಬಾಂಸಾಠಿ. ಆತ ಜಾವೂನ ಟಾಕತೊ."

ಶಾಯಿ. ಸಾಹೇಬರಿಗಾಗಿ. ಒಳಗೆ ಹೋಗಿ ಹಾಕುತ್ತೇನೆ. ಇದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಹವಾಲ್ದಾರ ಬಾಟಲಿಯನ್ನು ಎದೆಗೆ ಅವುಚಿಕೊಂಡು ಸೀಟಿ ಊದಿದ.

ಕಾವಲಿನ ಕೋಣೆಯಲ್ಲಿ ನಡೆದ ವಿಚಾರಣೆಯೆಲ್ಲ ಮರಾಠಿಯಲ್ಲಿತ್ತು. ಕನ್ನಡದಲ್ಲಿ ಕೊಡುತ್ತೇನೆ, ಆ ಒಂದು ಶಬ್ದವನ್ನು ಮಾತ್ರ ಹಾಗೆಯೇ ಇಡುತ್ತೇನೆ.

"ಎಷ್ಟು ದಿನದಿಂದ ಶಾಯಿ ಟಾಕುತ್ತಿದ್ದೀಯ?"

"ಎರಡು ತಿಂಗಳಾಯಿತು. ದಿನಾ ಟಾಕುತ್ತೇನೆ."

"ದಿನಾ?"

"ದಿನಾ. ಮೊದಮೊದಲು ನನ್ನ ಮೈಮೇಲೇ ಬೀಳುತ್ತಿತ್ತು. ಈಗ ಕೈ ಕುದುರಿದೆ. ಒಂದು ಹನಿ ಆಚೀಚೆ ಹೋಗುವುದಿಲ್ಲ."

"ಯಾರು ಕಲಿಸಿದರು?"

"ನಮ್ಮದೊಂದು ಗ್ರೂಪಿದೆ. ಮುನ್ನೂರು ಜನ ಇದ್ದೇವೆ. ನಮ್ಮ ಜನರಲ್ ಮ್ಯಾನೇಜರ್ ಕೂಡ ಟಾಕುತ್ತಾರೆ. ನೀವು ಇನ್ನೂ ಒಮ್ಮೆಯೂ ಟಾಕಿಲ್ಲವೆ? ನಾಚಿಕೆಯಾಗಬೇಕು."

ಹವಾಲ್ದಾರ ಅವನ ನೀಲಿ ಬೆರಳುಗಳ ಫೋಟೋ ತೆಗೆದುಕೊಂಡ. ಮೇಜಿಗೆ ಕೈಯೂರಿ ಮುಂದೆ ಬಾಗಿ, "ನಿಜ ಹೇಳು. ನಿನ್ನ ಹಿಂದೆ ಯಾರಿದ್ದಾರೆ?" ಎಂದು ಗದರಿಸಿದ.

ಹೊಳಬಸಪ್ಪ ಹೊರಳಿ ನೋಡಿದ. "ರಂಗೂಬಾಯಿ" ಎಂದ.

ರಂಗೂಬಾಯಿಯ ಹೆಸರು, ಊರು, ಪಕ್ಷ ಕೇಳಲು ಆರಂಭಿಸಿದರು. ತಾನೇಕೆ ಇದರ ಹಿಂದಿದ್ದೇನೆಂದು ಅವಳಿಗೂ ಗೊತ್ತಿರಲಿಲ್ಲ. ಆದರೆ ಅಷ್ಟು ಜನ ಪೊಲೀಸರು ಒಮ್ಮೆಲೇ ತನ್ನ ಮಾತು ಕೇಳಲು ನಿಂತದ್ದು ಅವಳ ಜನ್ಮದಲ್ಲಿ ಇದೇ ಮೊದಲು. ಅವಕಾಶ ಬಿಡದೆ ನಾಲ್ಕು ತಿಂಗಳ ಸಿಟ್ಟನ್ನೆಲ್ಲ ಎರಡೂ ಭಾಷೆಯಲ್ಲಿ ಸುರಿದಳು. ದೂರು ಕೊಡಲು ಸಾಲಿನಲ್ಲಿ ನಿಂತಿದ್ದ ನೂರಾರು ಜನಕ್ಕೆ ಸುದ್ದಿ ಹಬ್ಬಿತು. ಯಾರೋ ಕಾತ್ರಜದವನು ಸಾಹೇಬರ ಮುಖಕ್ಕೆ ಶಾಯಿ ಹಾಕಲು ಬಂದಿದ್ದಾನಂತೆ! ಅವರೆಲ್ಲರ ಮನೆಯಲ್ಲೂ ನೀರಿರಲಿಲ್ಲ. ಹೊಳಬಸಪ್ಪನನ್ನು ಅಂಗಳಕ್ಕೆ ತಂದಾಗ ಜನ ಚಪ್ಪಾಳೆ ಹೊಡೆದರು. ತನ್ನ ಅರ್ಜಿಯ ಅಕ್ಷರದ ಖ್ಯಾತಿ ಇಷ್ಟು ಬೇಗ ಹಬ್ಬಿತೇ ಎಂದು ಅವನಿಗೆ ಆಶ್ಚರ್ಯವಾಯಿತು.

ಜುನ್ನರಕರ ಸಾಹೇಬರು ಹೊರಗೆ ಬಂದರು. ಏಪ್ರಿಲ್ಲಿನ ಉರಿಬಿಸಿಲು, ಸಾಹೇಬರು ಮೈತುಂಬ ರೇನ್‌ಕೋಟು ತೊಟ್ಟು, ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡಿದ್ದರು. ಅವರ ಹಿಂದಿನಿಂದ ಭರ್ತಿ ನೀರಿನ ಟ್ಯಾಂಕರೊಂದು ತುಳುಕುತ್ತ ಬಂದು ನಿಂತಿತು. ಇಬ್ಬರು ಸಿಪಾಯಿಗಳು ಪೈಪು ಹಿಡಿದು ಸಜ್ಜಾದರು.

ರುದ್ರವ್ವ ಸಾಹೇಬರನ್ನು ನೋಡಲಿಲ್ಲ, ಟ್ಯಾಂಕರನ್ನೇ ನೋಡಿದಳು. ಅದರ ಅಡಿಯಿಂದ ಒಳ್ಳೆಯ ನೀರು ತಟಪಟ ಸೋರಿ ಮಣ್ಣು ಕೆಸರಾಗುತ್ತಿತ್ತು. ಚಾಲಕ ಅಂಬಣ್ಣ ಇಂಡಿ ತಾಲೂಕಿನವನು. ಅವನು ಸಿಪಾಯಿಗಳಿಗೆ ಕೂಗಿದ ಮಾತಿನಿಂದಲೇ ಅವಳಿಗೆ ಗುರುತು ಸಿಕ್ಕಿತು.

"ಅಣ್ಣಾರ, ಈ ನೀರ ಯಾರಿಗ್ರಿ?"

"ಸಾಹೇಬ್ರ ಮಾರಿ ತೊಳ್ಯಾಕ್ರಿ ಅಕ್ಕಾರ. ಶಾಯಿ ಬಿದ್ರ ಲಗೂನ ತೊಳೀಬೇಕಂತ, ಇಲ್ಲಾಂದ್ರ ಕಲಿ ಉಳೀತದಂತ. ಅದಕ್ಕ ತರ್ಸ್ಯಾರ."

"ಒಂದ ಮಾರಿಗೆ ಇಷ್ಟ ನೀರಾ?"

"ಹೌದ್ರಿ. ಇನ್ನೊಂದ ಗಾಡಿನೂ ಹಿಂದ ಬರಾಕತ್ತದ."

ರುದ್ರವ್ವನ ಮುಖ ನೋಡಿ ಅಂಬಣ್ಣ ಗಾಡಿಯ ಬಾಗಿಲು ಎಳೆದುಕೊಂಡ.

"ನಾಕ ತಿಂಗಳಾತ್ರಿ!" ಅವಳ ದನಿಗೆ ಅಂಗಳದ ಗದ್ದಲವೆಲ್ಲ ನಿಂತಿತು. "ನಾಕ ತಿಂಗಳಿಂದ ಹೊತ್ತು ಹೊತ್ತು ನನ್ನ ಟೊಂಕ ಮುರದದ. ಕುಡ್ಯಾಕ ಕೇಳಿದ್ರ ನೀರಿಲ್ಲ. ಇನ್ನೂ ಬೀಳಲಾರದ ಶಾಯಿ ತೊಳ್ಯಾಕ ಎರಡ ಟ್ಯಾಂಕರ ಅದ! ಹಂಗಂದ್ರ ನೀರ ಬೇಕಾದ್ರ ಮಾರಿಗೆ ಶಾಯಿ ಬೀಳಬೇಕು. ಹೌದಲ್ಲ? ಹಿಂಗ ಮದಲ ಹೇಳಿದ್ರ ಆಗತಿತ್ತಲ್ರಿ!"

ಹವಾಲ್ದಾರನ ಕೈಯಿಂದ ಬಾಟಲಿ ಕಸಿದುಕೊಂಡು ಮುಚ್ಚಳ ತೆಗೆದಳು. ಸಾಹೇಬರು ಕುಕ್ಕರಗಾಲಲ್ಲಿ ಕುಳಿತರು. ನಾಲ್ವರು ಪೊಲೀಸರು ಅವರ ಮೇಲೆ ಬಿದ್ದರು. ರುದ್ರವ್ವ ಅತ್ತ ತಿರುಗದೆ, ಎಡಕ್ಕೆ ಹೊರಳಿ, ಶಾಯಿಯನ್ನು ಗಂಡನ ಮುಖಕ್ಕೆ ಎರಚಿದಳು.

ಹಣೆ, ಮೂಗು, ಮೀಸೆ, ಎರಡೂ ಗಲ್ಲ ನೀಲಿಯಾದವು. ಹೆಂಡತಿ ಗಂಡನ ಮುಖಕ್ಕೆ ಶಾಯಿ ಎರಚಿದರೆ ಯಾವ ಕಲಮು ಹಚ್ಚಬೇಕೆಂದು ಹವಾಲ್ದಾರನಿಗೆ ತಿಳಿಯಲಿಲ್ಲ. ಅವನು ಸಾಹೇಬರ ಕಡೆ ನೋಡಿದ. ಸಾಹೇಬರು ನಾಲ್ವರ ಕೆಳಗಿದ್ದರು.

"ಬಿತ್ತಲ್ಲ ಶಾಯಿ?" ಎಂದಳು ರುದ್ರವ್ವ. "ತೊಳೀರಿ ಈಗ!"

ಸಿಪಾಯಿಗಳು ಪೈಪು ತಿರುಗಿಸಿದರು. ಆಗ ಹೊಳಬಸಪ್ಪ ಕೈ ಎತ್ತಿದ. ಈವರೆಗೆ ಅವನಿಗೆ ಯಾವುದೂ ಅರ್ಥವಾಗಿರಲಿಲ್ಲ. ಈಗ ಅರ್ಥವಾಯಿತು, ಮತ್ತು ಹುಟ್ಟಿದಂದಿನಿಂದ ಬಂದ ಸಿಟ್ಟುಗಳೆಲ್ಲ ಒಟ್ಟಿಗೆ ಬಂದವು.

"ಬ್ಯಾಡ!" ಎಂದು ಗುಡುಗಿದ. "ಒಂದ ಹನಿ ನನ್ನ ಮೈಮ್ಯಾಲ ಬೀಳಬಾರ್ದು. ಈ ಮಾರಿ ನಾ ನನ್ನ ಮನಿ ನಳದ ನೀರಿನ್ಯಾಗ ತೊಳಕೊಂತೀನಿ. ಅಲ್ಲೀತನಕ ಹಿಂಗ ಇರ್ತೀನಿ. ಕೇಳಿದವ್ರಿಗೆಲ್ಲ ಯಾಕಂತ ಹೇಳ್ತೀನಿ!" ರಂಗೂಬಾಯಿ ಇದನ್ನು ಮರಾಠಿಗೆ ತಂದು, ತನ್ನದೂ ನಾಲ್ಕು ಮಾತು ಸೇರಿಸಿದಳು. ಜನ ಕುಣಿದರು. ಮೊಬೈಲುಗಳು ಮೇಲೆದ್ದವು.

ಅಪಾಯ ಕಳೆಯಿತೆಂದು ಸಾಹೇಬರು ಎದ್ದು, ಮೊಬೈಲುಗಳ ಮುಂದೆ ರೇನ್‌ಕೋಟು ಚೆನ್ನಾಗಿ ಕಾಣುವುದಿಲ್ಲವೆಂದು ಕಳಚಿ, ಬಿಳಿ ಅಂಗಿಯಲ್ಲಿ ನಿಂತು, ಅರ್ಜಿ ಎಲ್ಲಿ ಎಂದು ಕೇಳಿದರು. ಹೊಳಬಸಪ್ಪ ಬಾಟಲಿಯ ತಳದಲ್ಲಿ ಉಳಿದಿದ್ದ ಒಂದು ಬೆರಳು ಶಾಯಿಗೆ ಪೆನ್ನು ಅದ್ದಿ ಸಾವಕಾಶವಾಗಿ ತುಂಬಿದ. ಅರ್ಜಿ ಮುಂದೆ ಹಿಡಿದ. ಸಾಹೇಬರು ಓದದೆ ಸಹಿಗೆ ಕೈ ಹಾಕಿದರು.

"ಓದ್ರಿ ಮದಲ!" ಎಂದ. ಕನ್ನಡದಲ್ಲೇ ಹೇಳಿದ, ಸಾಹೇಬರಿಗೆ ಅರ್ಥವಾಯಿತು. ಎರಡೂ ಪುಟ ನಿಂತು ಓದಿದರು. ಎರಡು ದಿನದಲ್ಲಿ ವಾಲ್ವು ತೆರೆಯತಕ್ಕದ್ದು ಎಂದು ಬರೆದು ಸಹಿ ಮಾಡಿ, ಗಡಿಬಿಡಿಯಲ್ಲಿ ಪೆನ್ನನ್ನು ತಮ್ಮ ಜೇಬಿಗೇ ಸಿಕ್ಕಿಸಿಕೊಂಡು ತಿರುಗಿದರು. ಪೆನ್ನಿನ ಟೋಪಿ ಹೊಳಬಸಪ್ಪನ ಕೈಯಲ್ಲೇ ಇತ್ತು.

"ಸಾಹೇಬ, ಟೋಪಿ ಘಾಲಾ! ಟೋಪಿ!" ಎಂದು ಕೂಗಿದ. ಟೋಪಿ ಹಾಕಿ ಎಂದರೆ ಎರಡೂ ಭಾಷೆಯಲ್ಲಿ ಮೋಸ ಮಾಡಿ ಎಂದೇ ಅರ್ಥ. ನಾಲ್ಕು ತಿಂಗಳಿಂದ ಅದನ್ನೇ ತಾನೇ ಮಾಡಿದ್ದು ಎಂದು ಜನ ಹೋ ಎಂದರು. ಸಾಹೇಬರು ಕೆಂಪಾಗಿ ಎದೆಯ ಮೇಲೆ ಕೈಯಿಟ್ಟುಕೊಂಡರು, ಕೈ ತೆಗೆದರೆ ಅಂಗೈ ನೀಲಿ. ಬಿಳಿ ಅಂಗಿಯ ಜೇಬಿನಿಂದ ಹೊಟ್ಟೆಯವರೆಗೆ ನೀಲಿ ಇಳಿಯುತ್ತಿತ್ತು. ಯಾರೂ ಎರಚಿರಲಿಲ್ಲ. ಸಾಹೇಬರು ಪೆನ್ನು ಸಮೇತ ಒಳಗೆ ಓಡಿದರು, ಅದು ಮತ್ತೆ ಹೊರಗೆ ಬರಲಿಲ್ಲ. ಟ್ಯಾಂಕರನ್ನು ಅಂಬಣ್ಣ ಯಾರ ಅಪ್ಪಣೆಯೂ ಇಲ್ಲದೆ ಹೊರಗೆ ತೆಗೆದ, ರಂಗೂಬಾಯಿ ಮುಂದಿನ ಸೀಟಿನಲ್ಲಿ ಕುಳಿತು ಜಲತರಂಗದ ದಾರಿ ತೋರಿಸಿದಳು.

ಹೊಳಬಸಪ್ಪ ಆಡಿದ ಮಾತು ಬಿಡಲಿಲ್ಲ. ಸೋಮವಾರ ನೀಲಿ ಮುಖದಲ್ಲೇ ಕಾರ್ಖಾನೆಯ ಬಸ್ಸು ಹತ್ತಿದ. ಪಕ್ಕದ ಸೀಟಿನವನು ಎದ್ದು ಹೋದ. ಮುಖ ನೋಡಿ ಹಾಜರಿ ಹಾಕುವ ಯಂತ್ರ ಇವನು ನಮ್ಮವನಲ್ಲ ಎಂದಿತು. ಯಂತ್ರಕ್ಕೂ ನಾಲ್ಕು ಮಾತು ಬೈದ. ಜನರಲ್ ಮ್ಯಾನೇಜರು ಕರೆಸಿ ಇದೇನೆಂದು ಕೇಳಿದಾಗ, "ನಮ್ಮಿಬ್ಬರದೇ ಶಾಯಿ ಸರ್" ಎಂದು, ನೀರಿನ ಕಥೆಯನ್ನು ಮೊದಲಿಂದ ಹೇಳಿದ. ಅವರು ತಮ್ಮ ಪೆನ್ನನ್ನು ಮೆಲ್ಲಗೆ ಡ್ರಾಯರಿಗೆ ಹಾಕಿದರು. ರಂಗೂಬಾಯಿ ದಿನಾ ಬೆಳಿಗ್ಗೆ ಆ ಮುಖದ ಹೊಸ ಫೋಟೋ ತೆಗೆದು, ಇಂದಿಗೆ ಎಷ್ಟನೆಯ ದಿನ ಎಂದು ಬರೆದು, ಸಾಹೇಬರ ಮೊಬೈಲಿಗೂ ಊರ ಮೊಬೈಲಿಗೂ ಕಳಿಸಿದಳು. ಎರಡು ದಿನ ಕಳೆದವು, ಮೂರಾಯಿತು. ರುದ್ರವ್ವ ಗಂಡನ ತಾಟನ್ನು ಗೋಡೆಯ ಕಡೆ ಇಟ್ಟು ಬಡಿಸತೊಡಗಿದಳು. "ನಾನ ಮಾಡಿದ್ದು ಖರೆ, ಆದ್ರ ಊಟದ ಹೊತ್ನ್ಯಾಗ ನೋಡಾಕ ಆಗವಲ್ದು" ಎಂದಳು.

ಬುಧವಾರ ಬೆಳಿಗ್ಗೆ ಆರೂ ಹತ್ತಕ್ಕೆ ಅಡಿಗೆಮನೆಯ ನಳ ಕೆಮ್ಮಿತು. ಗಾಳಿ ಬಂತು, ಕೆಂಪು ಕೆಸರು ಬಂತು, ಆಮೇಲೆ ನೀರು ಬಂತು. ಹೊಳಬಸಪ್ಪ ಟಾವೆಲು ಸುತ್ತಿಕೊಂಡು, ಸಾಬೂನು ಹಿಡಿದು ಓಡಿ ಬಂದ. ನಳದ ಮುಂದೆ ರುದ್ರವ್ವ ಕೂತಿದ್ದಳು. "ತಡೀರಿ" ಎಂದಳು. ಕೊಡಗಳು ತುಂಬಿದವು. ಹಂಡೆ ತುಂಬಿತು. ಪಾತೇಲಿ, ಬೋಗುಣಿ, ಚಹದ ಕೆಟಲು, ಹಬ್ಬಕ್ಕಷ್ಟೇ ಇಳಿಸುವ ಹಿತ್ತಾಳೆಯ ತಪ್ಪಲಿ ಎಲ್ಲ ತುಂಬಿದವು. "ಲಗೂ ಮಾಡ, ನನಗ ಬಸ್ಸಿಗೆ ಹೊತ್ತಾತು! ಈ ನೀರ ತಂದಾಂವ ಯಾಂವ? ನಾ! ನನ್ನ ಮಾರಿ!" ಎಂದು ಅವನು ಬಾಗಿಲಲ್ಲಿ ನಿಂತು ಕೂಗಾಡಿದ. ಅವಳು ಹೊರಳಿ ನೋಡಲಿಲ್ಲ. ಕೊನೆಗೆ ತಂಬಿಗೆಯೂ ತುಂಬಿ, ಅವಳು ಮಂಡಿ ಹಿಡಿದುಕೊಂಡು ಎದ್ದು ದಾರಿ ಬಿಟ್ಟಳು. ಹೊಳಬಸಪ್ಪ ಬಗ್ಗಿ ಎರಡೂ ಅಂಗೈ ಒಡ್ಡಿದ. ನಳ ಮತ್ತೊಮ್ಮೆ ಕೆಮ್ಮಿತು, ನಿಂತಿತು.

ಹೊಳಬಸಪ್ಪ ನಿಧಾನವಾಗಿ ಮೇಲೆದ್ದ. ನೀಲಿ ಮುಖದಲ್ಲಿ ಕಣ್ಣು ಕೆಂಪಾದವು. ತುಂಬಿದ ಕೊಡಗಳನ್ನು ನೋಡಿದ, ಹೆಂಡತಿಯನ್ನು ನೋಡಿದ, ಬೈಯಲು ಬಾಯಿ ತೆರೆದ.

"ಈ ನೀರ ಮುಟ್ಟಬ್ಯಾಡ್ರಿ," ಎಂದಳು ರುದ್ರವ್ವ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ. "ನಾಳೆ ತೊಳಕೊಳ್ರಿ. ನಾಳೆ ಬರ್ತದಲ್ಲ."

ನಾಲ್ಕು ತಿಂಗಳಿಂದ ಆ ಮನೆಯಲ್ಲಿ ನೀರಿನ ಮಾತಿಗೆ 'ನಾಳೆ' ಎಂಬುದನ್ನು ಯಾರೂ ಸೇರಿಸಿರಲಿಲ್ಲ. ಹೊಳಬಸಪ್ಪ ತೆರೆದ ಬಾಯಿ ಹಾಗೇ ಮುಚ್ಚಿದ. ಟಾವೆಲು ಬಿಚ್ಚಿ ಅಂಗಿ ತೊಟ್ಟು, ನೀಲಿ ಮುಖ ಹೊತ್ತುಕೊಂಡೇ ಚಾಕಣದ ಬಸ್ಸಿಗೆ ಮೆಟ್ಟಿಲಿಳಿದು ಹೋದ.